ಊರುಗೋಲು ಹಿಡಿದವರಿಗೂ ಸಫ್‌ನಲ್ಲಿ ಜಾಗ
(ಜುಮಾ ಬಯಾನ್‌ನ ಸಾರಾಂಶ)

ಹೊಸಪೇಟೆಯ ನಮ್ಮ ಮೊಹಲ್ಲಾದಲ್ಲಿ ಒಬ್ಬ ಹಿರಿಯರಿದ್ದಾರೆ. ಸಂಡೂರಿನ ಗಣಿಗಳಿಂದ ಅದಿರಿನ ಲಾರಿ ಓಡಿಸುತ್ತಿದ್ದವರು. ಸಂಧಿವಾತ ಅವರ ಮಂಡಿ, ಪಾದಗಳ ಕೀಲು ಹಿಡಿದು ಹತ್ತು ವರ್ಷವಾಯಿತು. ಫಜ್ರ್‌ಗೆ ತಪ್ಪದೆ ಬರುತ್ತಿದ್ದವರು ಬರಬರುತ್ತಾ ಜುಮಾಗೆ ಮಾತ್ರ ಬರತೊಡಗಿದರು, ಆಮೇಲೆ ಅದೂ ನಿಂತಿತು. ನಾವು ಮನೆಗೆ ಹೋಗಿ, “ಚಾಚಾ, ನಿಮಗೆ ರುಖ್ಸತ್ ಇದೆ. ಮನೆಯಲ್ಲೇ ನಮಾಜ್ ಮಾಡಿ, ಅಲ್ಲಾಹನು ಸ್ವೀಕರಿಸುತ್ತಾನೆ” ಎಂದು ಸಮಾಧಾನ ಹೇಳಿ ಬಂದೆವು. ಹೇಳಿದ ಮಸಅಲೆಯಲ್ಲಿ ತಪ್ಪಿರಲಿಲ್ಲ. ಕೆಲವು ತಿಂಗಳ ನಂತರ ಅವರೇ ಹೇಳಿದರು: “ಹಜ್ರತ್, ನಾನು ರುಖ್ಸತ್ ಕೇಳಿರಲಿಲ್ಲ. ಮಸೀದಿಯ ಎರಡು ಮೆಟ್ಟಿಲು ಹತ್ತೋದು ಹೇಗೆ ಅಂತ ಕೇಳಬೇಕಿತ್ತು.” ಆ ಮಾತು ನಮ್ಮನ್ನು ಬಹಳ ದಿನ ಕಾಡಿತು.

ರುಖ್ಸತ್ ಎಂದರೆ ಶರೀಅತ್ ಕೊಟ್ಟ ರಿಯಾಯಿತಿ. ಇಮ್ರಾನ್ ಬಿನ್ ಹುಸೈನ್(ರ) ಅವರಿಗೆ ಮೂಲವ್ಯಾಧಿ ಇತ್ತು. ನಿಂತು ನಮಾಜ್ ಮಾಡಿ, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ಎಂದು ಪ್ರವಾದಿ(ಸ) ಅವರಿಗೆ ತಿಳಿಸಿದ್ದು ಬುಖಾರಿಯಲ್ಲಿದೆ. ಇದು ನಮಗೆಲ್ಲ ಗೊತ್ತು. ನಾವು ಮರೆಯುವುದು ಉಮ್ಮು ಸಲಮಾ(ರ) ಅವರ ಘಟನೆಯನ್ನು. ಹಜ್‌ನ ಸಮಯದಲ್ಲಿ ಅವರಿಗೆ ಅನಾರೋಗ್ಯವಾಯಿತು, ತವಾಫ್ ಮಾಡುವುದು ಹೇಗೆಂದು ಪ್ರವಾದಿ(ಸ)ಯವರಲ್ಲಿ ಹೇಳಿಕೊಂಡರು. ಸವಾರಿಯ ಮೇಲೆ ಕುಳಿತು ಜನರ ಹಿಂದಿನಿಂದ ತವಾಫ್ ಮಾಡಿರಿ ಎಂಬ ಉತ್ತರ ಬಂತು. ಬಿಡಾರದಲ್ಲೇ ಉಳಿಯಿರಿ ಎನ್ನಲಿಲ್ಲ. ಅಲ್ಲಾಹನ ಆ ಮನೆಯ ಅಂಗಳಕ್ಕೆ ಒಂದು ಪ್ರಾಣಿಯೇ ಬಂತು! ಇಂದು ಅದೇ ಹರಮ್‌ನಲ್ಲಿ ಗಾಲಿಕುರ್ಚಿಗಳು ಸುತ್ತುತ್ತಿವೆ. ಯುದ್ಧದಲ್ಲಿ ಮೂಗು ಕಳೆದುಕೊಂಡ ಅರ್ಫಜಾ(ರ) ಅವರ ಬೆಳ್ಳಿಯ ಮೂಗು ದುರ್ವಾಸನೆ ಬಂದಾಗ, ಪುರುಷರಿಗೆ ನಿಷಿದ್ಧವಾದ ಚಿನ್ನದ ಮೂಗನ್ನೇ ಹಾಕಿಸಿಕೊಳ್ಳಲು ಪ್ರವಾದಿ(ಸ) ಹೇಳಿದ್ದು ಅಬೂದಾವೂದ್, ತಿರ್ಮಿದಿಗಳಲ್ಲಿದೆ.

ಆದರೆ ನಮ್ಮ ಚಾಚಾ ಕೋಲು ಹಿಡಿಯಲು ಒಪ್ಪಲಿಲ್ಲ. “ಜನ ಮುದುಕ ಅಂತಾರೆ” ಎಂದರು. ಸೂರಾ ತಾಹಾದಲ್ಲಿ ಮೂಸಾ(ಅ) ತಮ್ಮ ಕೋಲಿನ ಬಗ್ಗೆ ಮೊದಲು ಹೇಳುವುದೇ ಅದಕ್ಕೆ ಊರಿಕೊಳ್ಳುತ್ತೇನೆ ಎಂದು, ಕುರಿಗಳ ಮಾತು ಆಮೇಲೆ ಬರುತ್ತದೆ. ಇದನ್ನು ನೆನಪಿಸಿದಾಗ ನಕ್ಕರು. ನಕ್ಕ ಮೇಲೆಯೇ ಒಪ್ಪಿದ್ದು.

ಕೋಲಿಗೂ ಒಂದು ಲೆಕ್ಕವಿದೆ. ಚಪ್ಪಲಿ ಹಾಕಿ ನೇರ ನಿಂತು ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು. ನೋವಿರುವ ಕಾಲಿನ ಕಡೆ ಹಿಡಿಯುವುದೇ ಹೆಚ್ಚಿನವರು ಮಾಡುವ ತಪ್ಪು. ಬಲಗಾಲು ನೋಯುತ್ತಿದ್ದರೆ ಕೋಲು ಎಡಗೈಯಲ್ಲಿರಬೇಕು, ನೋಯುವ ಕಾಲಿನ ಜೊತೆಗೇ ಮುಂದೆ ಹೋಗಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಒಂದು ಕೋಲು ಸಾಲದಿದ್ದರೆ ನಾಲ್ಕು ಕಾಲಿನ ವಾಕರ್ ಇದೆ. ಯಾರಿಗೆ ಯಾವುದು ಎಂದು ಫಿಸಿಯೋಥೆರಪಿ ತಜ್ಞರನ್ನು ಒಮ್ಮೆ ಕೇಳುವುದು ಒಳ್ಳೆಯದು. ವುಝೂ ಮಾಡುವಲ್ಲಿ ನೆಲ ಒದ್ದೆ. ಕೋಲಿನ ತುದಿಯ ರಬ್ಬರ್ ಸವೆದಿದ್ದರೆ ಅಲ್ಲಿಯೇ ಜಾರುವುದು.

ಸಕ್ಕರೆ ಕಾಯಿಲೆಯವರಿಗೆ ಒಂದು ಮಾತು. ಈ ಕಾಯಿಲೆ ವರ್ಷಗಟ್ಟಲೆ ಇದ್ದರೆ ಪಾದದ ಸ್ಪರ್ಶ ಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಝುಹರ್ ಹೊತ್ತಿಗೆ ಮಸೀದಿಯ ಅಂಗಳದ ಕಲ್ಲು ಹೇಗೆ ಕಾದಿರುತ್ತದೆಂದು ಎಲ್ಲರಿಗೂ ಗೊತ್ತು. ಸ್ಪರ್ಶವಿಲ್ಲದ ಪಾದಕ್ಕೆ ಅದು ತಿಳಿಯುವುದಿಲ್ಲ, ಸಂಜೆ ಬೊಬ್ಬೆ ಕಾಣುತ್ತದೆ, ಆ ಗಾಯ ಮಾಯದೆ ಕೊನೆಗೆ ಕಾಲನ್ನೇ ತೆಗೆಯುವ ಸ್ಥಿತಿಯೂ ಬರಬಹುದು. ಚಪ್ಪಲಿ ಬಿಡುವಲ್ಲಿಂದ ಒಳಬಾಗಿಲವರೆಗೆ ಚಾಪೆ ಹಾಸಿರಿ ಎಂದು ಎಲ್ಲ ಮಸೀದಿ ಕಮಿಟಿಗಳಲ್ಲಿ ನಮ್ಮ ವಿನಂತಿ. ಕಾಲು ಕಳೆದುಕೊಂಡವರಿಗೆ ಜೈಪುರ ಕಾಲು ಇದೆ. 1968ರಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಠಿ ರೂಪಿಸಿದ್ದು. ಬರಿಗಾಲಲ್ಲಿ ನಡೆಯುವ, ಕುಕ್ಕರಗಾಲಲ್ಲಿ ಕೂರುವ ನಮ್ಮ ಜನರ ರೂಢಿಗೆ ಹೊಂದುವಂತೆ ಮಾಡಿದ್ದು.

ಇನ್ನು ನಮ್ಮ ಮಸೀದಿಯ ಮೆಟ್ಟಿಲ ವಿಷಯ. ಒಂದಡಿ ಎತ್ತರಕ್ಕೆ ನಾಲ್ಕಡಿ ಉದ್ದದ ಇಳಿಜಾರು ಕಟ್ಟಿಸಿ ಪುಣ್ಯ ಕಟ್ಟಿಕೊಂಡೆವು ಎಂದುಕೊಂಡಿದ್ದೆವು. ಮೊದಲ ದಿನವೇ ಗಾಲಿಕುರ್ಚಿಯೊಂದು ಹಿಂದಕ್ಕೆ ಉರುಳಿತು, ಯುವಕರು ಹಿಡಿದಿದ್ದರಿಂದ ಅಪಾಯವಾಗಲಿಲ್ಲ. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕಂತೆ. ಒಡೆದು ಮತ್ತೆ ಕಟ್ಟಿಸಿದೆವು. ಗಾಲಿಗೆ ಹೊರಗಿನ ಮಣ್ಣು ಅಂಟಿರುತ್ತದಲ್ಲ ಎಂದು ಕೆಲವರು ಆಕ್ಷೇಪಿಸಿದರು. ಒದ್ದೆ ಬಟ್ಟೆಯಿಂದ ಒರೆಸಿದರೆ ಮುಗಿಯಿತು.

ಕಂಪ್ಲಿಯ ಖಾಲಾ ಒಬ್ಬರು ನಮ್ಮ ಮನೆಯವರಲ್ಲಿ ಹೇಳಿಕೊಂಡರಂತೆ: 2023ರಿಂದ ಬಸ್ ಟಿಕೆಟ್ ಫ್ರೀ, ಆದರೆ ಬಸ್ಸಿನ ಮೊದಲ ಮೆಟ್ಟಿಲಿಗೆ ಕಾಲು ಏರುವುದಿಲ್ಲ, ಹೊಸಪೇಟೆಯಲ್ಲಿರುವ ಮಗಳನ್ನು ನೋಡಿ ವರ್ಷವಾಯಿತು. ಹಂಪಿಯಲ್ಲಿ ವಿಠ್ಠಲ ದೇವಾಲಯಕ್ಕೆ ಬ್ಯಾಟರಿ ಗಾಡಿ ಇದೆ, ನಡೆಯಲಾಗದವರೂ ಕಲ್ಲಿನ ರಥ ನೋಡಿ ಬರುತ್ತಾರೆ. ಆಟೋ ಓಡಿಸುವ ನಮ್ಮ ಸಹೋದರರು ಮಡಚಿದ ವಾಕರ್ ನೋಡಿ ಮುಂದೆ ಹೋಗಿಬಿಡಬಾರದು. ಅದು ಸೀಟಿನ ಹಿಂದೆ ಹಿಡಿಸುತ್ತದೆ.

ಹಣದ ವಿಷಯ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ, ಪಾರ್ಕಿನ್ಸನ್‌ನಂಥ ದೀರ್ಘಕಾಲದ ಕಾಯಿಲೆಗಳೂ ಅದರಲ್ಲಿವೆ. ಯುಡಿಐಡಿ ಕಾರ್ಡ್ ಮಾಡಿಸಿದರೆ ಕೇಂದ್ರದ ಎಡಿಪ್ ಯೋಜನೆಯಲ್ಲಿ ಸಾಧನಗಳಿಗೆ ಅರ್ಜಿ ಹಾಕಬಹುದು. ಅರವತ್ತು ದಾಟಿದ ಬಡವರಿಗೆ 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ತಾಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಕೇಳಿರಿ. 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಹೊಸಪೇಟೆ, ಹಂಪಿಯವರ ಜಿಲ್ಲಾ ಕಚೇರಿ ಬೇರೆ. ಸಂಡೂರು, ಕಂಪ್ಲಿಯವರದು ಬಳ್ಳಾರಿಯೇ. ತಪ್ಪು ಕಚೇರಿಗೆ ಅಲೆದವರನ್ನು ನಾವು ಕಂಡಿದ್ದೇವೆ.

ಝಕಾತ್ ಹಣದಿಂದ ಕೊಡಬಹುದೇ ಎಂದು ಕೇಳುತ್ತಾರೆ. ಹಕ್ಕುಳ್ಳ ಬಡ ರೋಗಿಗೆ ಗಾಲಿಕುರ್ಚಿ ಕೊಂಡು ಅವರನ್ನೇ ಒಡೆಯರನ್ನಾಗಿ ಮಾಡಿದರೆ ಝಕಾತ್ ಸಲ್ಲುತ್ತದೆ. ಮಸೀದಿಯಲ್ಲಿಟ್ಟು ಎಲ್ಲರೂ ಬಳಸುವ ಕುರ್ಚಿಗೆ ಹನಫಿ ಮಸ್ಲಕ್‌ನಂತೆ ಸಲ್ಲುವುದಿಲ್ಲ, ಅದಕ್ಕೆ ಸದಕಾ ಬಳಸಬೇಕು.

ಚಾಚಾ ಈಗ ಮೊದಲ ಸಫ್‌ನ ಬಲ ತುದಿಯಲ್ಲಿ ಕುರ್ಚಿಯ ಮೇಲೆ ಕೂರುತ್ತಾರೆ, ಕೋಲು ಗೋಡೆಗೆ ಒರಗಿರುತ್ತದೆ. ಮಳೆ ಬಂದ ದಿನ ಬರುವುದಿಲ್ಲ, ನಾವೂ ಕೇಳುವುದಿಲ್ಲ. ಕೋಲಿನ ರಬ್ಬರ್ ಸವೆದವರು ಅಸರ್ ನಂತರ ನಮ್ಮ ಹುಜ್ರಾಗೆ ಬನ್ನಿ, ಎರಡು ಅಳತೆಯವನ್ನು ತರಿಸಿಟ್ಟಿದ್ದೇವೆ.