ಮುಂಬಯಿಯಿಂದ ಕೂತ್‌ವರೆಗೆ: ಆರನೆಯ ಪುಣೆ ಡಿವಿಜನ್ನಿನ ಅಂತ್ಯ

ಮುಂಬಯಿ ಬಂದರಿನ ಚರಿತ್ರೆಯೆಂದರೆ ಹತ್ತಿ ಮತ್ತು ಗಿರಣಿಗಳ ಚರಿತ್ರೆ ಎಂಬ ಭಾವನೆ ಸಾಮಾನ್ಯವಾಗಿದೆ. ಇದೇ ಬಂದರಿನಿಂದ ಹೊರಟು, ಹತ್ತೊಂಬತ್ತು ತಿಂಗಳು ತುಂಬುವ ಮೊದಲೇ ಇಡಿಯಾಗಿ ಶತ್ರುವಿನ ವಶವಾದ ಸೈನ್ಯವೊಂದರ ಚರಿತ್ರೆಯೂ ಇದೆ. ಅದು ಆರನೆಯ ಪುಣೆ ಡಿವಿಜನ್.

1914ರ ಅಕ್ಟೋಬರ್ 16ರಂದು ಅದರ ಮೊದಲ ಬ್ರಿಗೇಡು ಮುಂಬಯಿಯಿಂದ ಹಡಗೇರಿತು. ಅಬಾದಾನಿನ ತೈಲಾಗಾರವನ್ನೂ ಪರ್ಷಿಯನ್ ಕೊಲ್ಲಿಯ ತೀರವನ್ನೂ ಕಾಯುವುದು ಅದರ ಕರ್ತವ್ಯವಾಗಿತ್ತು. ನವೆಂಬರಿನಲ್ಲಿ ಬಸ್ರಾ ವಶವಾಯಿತು. 1915ರಲ್ಲಿ ಜನರಲ್ ಟೌನ್‌ಶೆಂಡನ ನಾಯಕತ್ವದಲ್ಲಿ ಅಮಾರಾ ಮತ್ತು ಕೂತ್ ಕೈಸೇರಿದವು. ಸುಲಭವಾದ ಗೆಲುವುಗಳು ಬಾಗ್ದಾದಿನ ಆಸೆಯನ್ನು ಹುಟ್ಟಿಸಿದವು. ಆದರೆ ಸೈನ್ಯ ಮುಂದೆ ಸಾಗಿದಷ್ಟೂ ನದಿಯ ದೋಣಿಗಳು, ಔಷಧ, ವೈದ್ಯರು ಸಾಲದಾದರು. ನವೆಂಬರಿನ ಟೆಸಿಫಾನ್ ಕದನದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು ಇಲ್ಲವೆ ಗಾಯಗೊಂಡರು. ಗಾಯಾಳುಗಳು ದಿನಗಟ್ಟಲೆ ತೆರೆದ ದೋಣಿಗಳಲ್ಲಿ ನರಳಬೇಕಾಯಿತು.

ಹಿಮ್ಮೆಟ್ಟಿದ ಡಿವಿಜನ್ 1915ರ ಡಿಸೆಂಬರ್ 7ರಿಂದ ಕೂತ್‌ನಲ್ಲಿ ಮುತ್ತಿಗೆಗೆ ಒಳಗಾಯಿತು. ಎದುರಿಗಿದ್ದ ಆಟೊಮನ್ ಸೈನ್ಯದ ಸೇನಾನಿ ಜರ್ಮನಿಯ ಫೀಲ್ಡ್ ಮಾರ್ಷಲ್ ಫಾನ್ ಡರ್ ಗೋಲ್ಟ್ಸ್. ಗೆಲುವಿಗೆ ಹತ್ತು ದಿನ ಮುನ್ನ ಆತ ಬಾಗ್ದಾದಿನಲ್ಲಿ ಮೃತನಾದ. ಕೂತ್‌ನ ಒಳಗೆ ಹಸಿವು ಗುಂಡಿಗಿಂತ ಕ್ರೂರವಾಗಿತ್ತು. ಆಹಾರ ಮುಗಿದಾಗ ಕುದುರೆಯ ಮಾಂಸವನ್ನು ಹಂಚಲಾಯಿತು. ಬಹುಪಾಲು ಭಾರತೀಯ ಸಿಪಾಯಿಗಳು ಅದನ್ನು ಮುಟ್ಟಲಿಲ್ಲ. ಧರ್ಮಗುರುಗಳ ಅನುಮತಿಯನ್ನು ಭಾರತದಿಂದ ತರಿಸಲಾಯಿತಾದರೂ, ಊರಿಗೆ ಮರಳಿದಾಗ ಜಾತಿಯವರು ಸೇರಿಸಿಕೊಳ್ಳುವರೇ ಎಂಬ ಭಯ ಹೋಗಲಿಲ್ಲ. ಇದನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ; ಆದರೆ ಸಿಪಾಯಿಗೆ ಊರಿನ ಪಂಕ್ತಿಯಲ್ಲಿ ತನ್ನ ಸ್ಥಾನವು ಪ್ರಾಣದಷ್ಟೇ ಬೆಲೆಯುಳ್ಳದ್ದಾಗಿತ್ತು. ಬಿಡುಗಡೆಗಾಗಿ ಬಂದ ಸೈನ್ಯವು ಸುಮಾರು 23,000 ಮಂದಿಯ ಸಾವುನೋವುಗಳನ್ನು ಅನುಭವಿಸಿ ವಿಫಲವಾಯಿತು.

1916ರ ಏಪ್ರಿಲ್ 29ರಂದು ಸುಮಾರು 13,000 ಮಂದಿ ಶರಣಾದರು. ಟೌನ್‌ಶೆಂಡ್ ಇಸ್ತಾಂಬುಲ್ ಬಳಿಯ ದ್ವೀಪದಲ್ಲಿ ಸುಖವಾಗಿದ್ದ. ಸಾಮಾನ್ಯ ಸೈನಿಕರು ಮರುಭೂಮಿಯನ್ನು ನಡೆದು ದಾಟಿದರು. ಉಳಿದ ಅನೇಕ ಭಾರತೀಯರು ರಾಸ್ ಅಲ್ ಐನ್‌ನಲ್ಲಿ ಬಾಗ್ದಾದ್ ರೈಲುಮಾರ್ಗಕ್ಕಾಗಿ ದುಡಿದರು.

ಈ ಸೋಲಿನ ಪರಿಣಾಮ ರಾಜಕೀಯಕ್ಕೂ ತಟ್ಟಿತು. 1917ರ ಮೆಸೊಪೊಟೇಮಿಯಾ ಆಯೋಗದ ವರದಿಯ ಫಲವಾಗಿ ಭಾರತ ಮಂತ್ರಿ ಚೇಂಬರ್ಲೇನ್ ರಾಜೀನಾಮೆಯಿತ್ತ. ಆತನ ಸ್ಥಾನಕ್ಕೆ ಬಂದ ಮಾಂಟೆಗು ಆಗಸ್ಟ್ 20ರಂದು ಜವಾಬ್ದಾರಿ ಸರ್ಕಾರದ ಘೋಷಣೆಯನ್ನು ಮಾಡಿದ.

ಹೈಫಾದಲ್ಲಿ ಗೆದ್ದ ಮೈಸೂರು ಲ್ಯಾನ್ಸರ್ಸ್ ದಳವನ್ನು ಕನ್ನಡನಾಡು ನೆನೆಯುತ್ತದೆ. ಕೂತ್‌ನಲ್ಲಿ ಸೋತವರನ್ನು ನೆನೆಯುವವರು ವಿರಳ. ಬೆಳಗಾವಿ, ಧಾರವಾಡ, ಬಿಜಾಪುರಗಳು ಅಂದು ಮುಂಬಯಿ ಪ್ರಾಂತದಲ್ಲಿದ್ದವು. ಈ ಡಿವಿಜನ್ನಿನ 103, 110, 117ನೆಯ ಮರಾಠಾ ಪಲ್ಟಣಗಳು ಮುಂದೆ ಸೇರಿದ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇಂದು ಬೆಳಗಾವಿಯಲ್ಲೇ ಇದೆ. ಮುಂಬಯಿಯಲ್ಲಿ ಯುದ್ಧಕಾಲದ ಆಸ್ಪತ್ರೆಯಾಗಿದ್ದ ಭವ್ಯ ಕಟ್ಟಡ ಇಂದಿನ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯ. ಬಸ್ರಾದ ಸ್ಮಾರಕದಲ್ಲಾದರೋ ಬ್ರಿಟಿಷ್ ಸೈನಿಕರ ಹೆಸರುಗಳನ್ನು ಕೆತ್ತಲಾಯಿತು. ಭಾರತೀಯ ಸಿಪಾಯಿಗಳು ಪಲ್ಟಣದ ಹೆಸರಿನ ಕೆಳಗೆ ಬರಿಯ ಸಂಖ್ಯೆಯಾಗಿ ಉಳಿದರು. ಆ ಸಂಖ್ಯೆಗಳ ಹಿಂದಿನ ಊರುಗಳನ್ನೂ ಮನೆಗಳನ್ನೂ ಹುಡುಕುವುದು ಪ್ರಾಂತದ ಚರಿತ್ರೆಯ ಅಭ್ಯಾಸಿಗಳ ಮುಂದಿರುವ ಕರ್ತವ್ಯ.