ಗ್ಲೂಕೋಸ್ ಬಾಟಲಿಯಲ್ಲಿ ಕಂಡ ಭೌತಶಾಸ್ತ್ರ

ರೋಗಿಯ ಮಂಚದ ಪಕ್ಕ ಸ್ಟ್ಯಾಂಡಿಗೆ ನೇತುಹಾಕಿದ ಗ್ಲೂಕೋಸ್ ಬಾಟಲಿಯನ್ನು ನೋಡದವರಿಲ್ಲ. ಅದನ್ನು ಅಷ್ಟೆತ್ತರಕ್ಕೆ ಕಟ್ಟುವುದೇಕೆ ಎಂದು ಎಂದಾದರೂ ಕೇಳಿದ್ದೀರಾ? ರೋಗಿ ಎದ್ದು ನಡೆಯುವಾಗ ಜೊತೆಯವರು ಮರೆತು ಬಾಟಲಿಯನ್ನು ಕೈಗಿಂತ ಕೆಳಗಿಳಿಸಿದರೆ ಸಾಕು, ನಳಿಕೆಯೊಳಗೆ ಕೆಂಪು ರಕ್ತ ಹಿಮ್ಮುಖವಾಗಿ ಏರಿಬರುತ್ತದೆ! "ಸಿಸ್ಟರ್, ಬೇಗ ಬನ್ನಿ!" ಎಂಬ ಕೂಗು. ಓಡಿಬಂದ ನರ್ಸ್ ಬಾಟಲಿಯನ್ನು ಮೇಲೆತ್ತುತ್ತಾರೆ, ರಕ್ತ ಹಿಂದೆ ಸರಿಯುತ್ತದೆ. ಒಂದು ಮೀಟರ್ ಎತ್ತರದ ನೀರಿನ ಒತ್ತಡ ಪಾದರಸದ ಸುಮಾರು 74 ಮಿಲಿಮೀಟರಿಗೆ ಸಮ. ಕೈಯ ಅಭಿಧಮನಿಯೊಳಗಿನ ಒತ್ತಡ ಅದರ ಸಣ್ಣ ಪಾಲು. ದ್ರವದ ಒತ್ತಡದ ಇಡೀ ಪಾಠ ಆ ಮಂಚದ ಪಕ್ಕದಲ್ಲೇ ನಡೆದುಹೋಯಿತು!

ಪಿಯುಸಿಯಲ್ಲಿ ಭೌತಶಾಸ್ತ್ರ ಒಮ್ಮೆ ಮುಗಿದರೆ ಸಾಕಪ್ಪಾ ಎಂದುಕೊಂಡು ನರ್ಸಿಂಗ್, ಫಿಸಿಯೋಥೆರಪಿ ಸೇರುವ ಮಕ್ಕಳು ಎಷ್ಟೋ. ಅವರು ಕಂಡದ್ದು ಇಳಿಜಾರಿನಲ್ಲಿ ಜಾರುವ ಮರದ ತುಂಡು, ರಾಟೆಗೆ ಕಟ್ಟಿದ ತೂಕ. ತಮ್ಮ ಮೈಯೊಳಗೇ ಆ ಪಾಠಗಳೆಲ್ಲ ಹಗಲಿರುಳು ನಡೆಯುತ್ತಿವೆ ಎಂದು ಅವರಿಗೆ ಯಾರೂ ಹೇಳಲೇ ಇಲ್ಲ. ಈ ಜಾಡು ಹಿಡಿದು ಹಿಂದಕ್ಕೆ ಹೋದಾಗ ನಾನು ಬೆರಗಾಗಿಬಿಟ್ಟೆ: ದೇಹ ಈ ವಿಜ್ಞಾನದ ಎಷ್ಟೋ ಪಾಠಗಳ ತವರುಮನೆ!

1733ರಲ್ಲಿ ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಒಂದು ಪ್ರಯೋಗದ ವಿವರ ಪ್ರಕಟಿಸಿದ. ಕುದುರೆಯ ಅಪಧಮನಿಗೆ ಹಿತ್ತಾಳೆ ಕೊಳವೆ ತೂರಿಸಿ ಉದ್ದನೆಯ ಗಾಜಿನ ನಳಿಗೆ ಜೋಡಿಸಿದಾಗ ರಕ್ತ 8 ಅಡಿ 3 ಅಂಗುಲ ಎತ್ತರಕ್ಕೆ ಏರಿ ನಿಂತಿತ್ತು. ಆಸ್ಪತ್ರೆಯಲ್ಲಿ ಅಂಥ ನಳಿಗೆ ಇಟ್ಟುಕೊಳ್ಳಲಾಗುತ್ತದೆಯೇ? 1828ರಲ್ಲಿ ಪ್ಯಾರಿಸಿನ ವೈದ್ಯ ಪ್ವಾಸೆಯ್ ನೀರಿಗಿಂತ 13.6 ಪಟ್ಟು ಸಾಂದ್ರವಾದ ಪಾದರಸವನ್ನು ಬಳಸಿ ರಕ್ತದ ಒತ್ತಡ ಅಳೆದ. ಇಂದಿಗೂ ನಾವು 'ಬಿ.ಪಿ. 120' ಎನ್ನುವುದು ಆ ಪಾದರಸದ ಮಿಲಿಮೀಟರಿನಲ್ಲೇ. ಅದನ್ನು ನೀರಿನ ಲೆಕ್ಕಕ್ಕೆ ತಂದು ನೋಡಿ: 163 ಸೆಂಟಿಮೀಟರ್! ಮುಷ್ಟಿಗಾತ್ರದ ಹೃದಯ ಪ್ರತಿ ಬಡಿತಕ್ಕೂ ನೀರನ್ನು ಆಳೆತ್ತರಕ್ಕೆ ಎತ್ತಬಲ್ಲಷ್ಟು ಒತ್ತಡ ಹುಟ್ಟಿಸುತ್ತದೆ.

ಪ್ವಾಸೆಯ್ ಅಷ್ಟಕ್ಕೇ ನಿಲ್ಲಲಿಲ್ಲ. ಲೋಮನಾಳಗಳಲ್ಲಿ ರಕ್ತ ಹೇಗೆ ಹರಿಯುತ್ತದೆಂದು ತಿಳಿಯಲು ಕೂದಲಿನಷ್ಟು ಸಪೂರದ ಗಾಜಿನ ನಳಿಗೆಗಳಲ್ಲಿ ನೀರು ಹರಿಸಿ ಅಳೆದ. ಸಿಕ್ಕ ನಿಯಮ ಮೈ ಜುಮ್ಮೆನ್ನಿಸುವಂಥದ್ದು. ಒತ್ತಡ ಅಷ್ಟೇ ಇದ್ದು ನಳಿಗೆಯ ತ್ರಿಜ್ಯ ಅರ್ಧವಾದರೆ ಹರಿವು ಅರ್ಧವಾಗುವುದಿಲ್ಲ, ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ! ತ್ರಿಜ್ಯ ಬರೀ ಹತ್ತರಲ್ಲೊಂದು ಪಾಲು ಕುಗ್ಗಿದರೂ ಹರಿವಿನ ಮೂರನೇ ಒಂದು ಭಾಗ ಹೋಯಿತು. ರಕ್ತನಾಳದ ಗೋಡೆಗೆ ತೆಳ್ಳಗೆ ಮೆತ್ತಿದ ಕೊಬ್ಬಿಗೆ ಡಾಕ್ಟರು ಏಕೆ ಅಷ್ಟು ಹೆದರುತ್ತಾರೆ? ಅಪಘಾತದಲ್ಲಿ ರಕ್ತ ಕಳೆದುಕೊಂಡು ಬಂದವರಿಗೆ ನರ್ಸ್ ಏಕೆ ದಪ್ಪನೆಯ ಬೂದು ಬಣ್ಣದ ಕ್ಯಾನುಲಾ ಹುಡುಕುತ್ತಾರೆ? ಎರಡಕ್ಕೂ ಉತ್ತರ ಈ ಒಂದೇ ಸೂತ್ರ. ದ್ರವದ ಸ್ನಿಗ್ಧತೆ ಅಳೆಯುವ 'ಪಾಯ್ಸ್' ಎಂಬ ಮಾನಕ್ಕೆ ಈ ವೈದ್ಯನದೇ ಹೆಸರು.

ಇನ್ನೊಬ್ಬ ವೈದ್ಯನ ಕತೆ ಕೇಳಿ. 1840ರಲ್ಲಿ ಜರ್ಮನಿಯ ರಾಬರ್ಟ್ ಮೇಯರ್ ಹಡಗಿನ ಡಾಕ್ಟರಾಗಿ ಜಾವಾಕ್ಕೆ ಹೋಗಿದ್ದ. ನಾವಿಕರ ಅಭಿಧಮನಿಯಿಂದ ತೆಗೆದ ರಕ್ತ ಅಪಧಮನಿಯ ರಕ್ತದಷ್ಟೇ ಹೊಳಪಿನ ಕೆಂಪಾಗಿ ಕಂಡಿತು. ಸೆಕೆಯ ನಾಡಿನಲ್ಲಿ ಮೈ ಬೆಚ್ಚಗಿಡಲು ದೇಹ ಕಡಿಮೆ ಆಮ್ಲಜನಕ ಬಳಸುತ್ತದೆ ಎಂದು ಆತ ಊಹಿಸಿದ. ಶಾಖ, ದುಡಿಮೆ, ಆಹಾರ ಮೂರರ ಲೆಕ್ಕವೂ ಒಂದೇ ಖಾತೆಯದು ಎಂಬ ಹೊಳಹು ಅಲ್ಲಿಂದ. 1842ರಲ್ಲಿ ಆತ ಪ್ರಕಟಿಸಿದ ವಿಚಾರವೇ ಶಕ್ತಿ ಸಂರಕ್ಷಣೆಯ ನಿಯಮಕ್ಕೆ ಒಂದು ಬುನಾದಿ!

ಈಗ ನಿಮ್ಮ ಕೈಯನ್ನೇ ನೋಡಿಕೊಳ್ಳಿ. ಮೊಣಕೈ ಮಡಚಿ 5 ಕಿಲೋ ಅಕ್ಕಿಯ ಚೀಲ ಹಿಡಿಯಿರಿ. ತೋಳಿನ ಸ್ನಾಯು ಮೂಳೆಗೆ ಅಂಟಿರುವುದು ಮೊಣಕೈಯಿಂದ ಸುಮಾರು 4 ಸೆಂಟಿಮೀಟರ್ ದೂರದಲ್ಲಿ, ಚೀಲ ಇರುವುದು ಸುಮಾರು 32 ಸೆಂಟಿಮೀಟರ್ ದೂರದಲ್ಲಿ. ಅಂದರೆ ಸ್ನಾಯು 40 ಕಿಲೋ ಹೊರುವಷ್ಟು ಬಲ ಹಾಕುತ್ತಿದೆ! ನಷ್ಟದ ವ್ಯಾಪಾರ ಅನ್ನಿಸಿತೇ? ಸ್ನಾಯು ಒಂದು ಸೆಂಟಿಮೀಟರ್ ಕುಗ್ಗಿದರೆ ಅಂಗೈ ಎಂಟು ಸೆಂಟಿಮೀಟರ್ ಚಲಿಸುತ್ತದೆ. ಚಿನ್ನಿದಾಂಡಿನಲ್ಲಿ ದಾಂಡು ಬೀಸುವ ವೇಗಕ್ಕೂ ಇಂಥದೇ ಸನ್ನೆಕೋಲಿನ ಲೆಕ್ಕ ಬೇಕು.

ಇನ್ನು ನರಕೋಶ. ಅದರ ಪೊರೆಯ ಎರಡು ಬದಿಗಳ ನಡುವೆ ಬರೀ 70 ಮಿಲಿವೋಲ್ಟ್. ಆದರೆ ಪೊರೆಯ ದಪ್ಪ ಸುಮಾರು 7 ನ್ಯಾನೋಮೀಟರ್ ಅಷ್ಟೇ! ಭಾಗಿಸಿ ನೋಡಿದರೆ ಮೀಟರಿಗೆ ಒಂದು ಕೋಟಿ ವೋಲ್ಟ್. ಗಾಳಿಯಲ್ಲಿ ಕಿಡಿ ಹಾರಲು ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ಸಾಕು. ಈ ಸಾಲು ಓದುತ್ತಿರುವಾಗ ನಿಮ್ಮ ತಲೆಯೊಳಗಿನ ಕೋಟಿ ಕೋಟಿ ಪೊರೆಗಳು ಅದರ ಮೂರು ಪಟ್ಟು ತೀವ್ರತೆಯನ್ನು ಸದ್ದಿಲ್ಲದೆ ತಾಳಿಕೊಂಡಿವೆ.

ಆರೋಗ್ಯ ವಿಜ್ಞಾನದ ಮಕ್ಕಳಿಗೆ ಪಾಠ ಮಾಡುವ ಮೇಷ್ಟ್ರೇ, ಮೇಡಂ, ನಿಮ್ಮಲ್ಲೊಂದು ವಿನಂತಿ. ಮುಂದಿನ ತರಗತಿಗೆ ಮರದ ತುಂಡಿನ ಬದಲು ಒಂದು ಬಿ.ಪಿ. ಯಂತ್ರ, ಒಂದು ಡ್ರಿಪ್ ಸೆಟ್, ನಾಲ್ಕು ಬಣ್ಣದ ಕ್ಯಾನುಲಾ ತನ್ನಿ. ಬಾಟಲಿಯನ್ನು ಮಕ್ಕಳ ಕೈಯಲ್ಲೇ ಏರಿಸಿ, ಇಳಿಸಿ, ಹನಿಗಳನ್ನು ಎಣಿಸಲು ಬಿಡಿ. ಸೂತ್ರವನ್ನು ಆಮೇಲೆ ಬೋರ್ಡಿನ ಮೇಲೆ ಬರೆಯಿರಿ.