ಪೋಲೀಸ್ ಹೆಲಿಕಾಪ್ಟರೂ ಅದರ ಸದ್ದೂ

ಹೆಲಿಕಾಪ್ಟರ್ ಎಂಬ ಶಬ್ದವನ್ನು ‘ಹೆಲಿ’ ಎಂದೂ ‘ಕಾಪ್ಟರ್’ ಎಂದೂ ಒಡೆಯುವುದು ವಾಡಿಕೆ. ಶಬ್ದಶಾಸ್ತ್ರಕ್ಕೆ ಇದು ಒಪ್ಪತಕ್ಕುದಲ್ಲ. ಗ್ರೀಕ್ ಭಾಷೆಯಲ್ಲಿ ‘ಹೆಲಿಕ್ಸ್’ ಎಂದರೆ ಸುರುಳಿ, ‘ಪ್ಟೆರಾನ್’ ಎಂದರೆ ರೆಕ್ಕೆ; ಇವೆರಡನ್ನೂ ಕೂಡಿಸಿ ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚರು ಈ ಸಮಾಸವನ್ನು ಮಾಡಿದರು. ಸುರುಳಿರೆಕ್ಕೆಯೆಂಬುದೇ ಇದರ ಅರ್ಥ. ಯಂತ್ರದ ತತ್ತ್ವವೂ ಈ ಹೆಸರಿನಲ್ಲಿಯೇ ಅಡಗಿದೆ. ವಿಮಾನವು ಮುಂದಕ್ಕೆ ಓಡದಿದ್ದರೆ ಬೀಳುವುದು. ಇದಾದರೋ ತನ್ನ ರೆಕ್ಕೆಯನ್ನೇ ತಿರುಗಿಸುವುದರಿಂದ ನಿಂತಲ್ಲಿಯೇ ಆಕಾಶದಲ್ಲಿ ನಿಲ್ಲಬಲ್ಲುದು. ಕಾವಲಿನವನಿಗೆ ಇದಕ್ಕಿಂತ ಬೇಕಾದ ಗುಣ ಮತ್ತೊಂದಿಲ್ಲ. ಆದರೆ ಈ ಗುಣದ ಜೊತೆಗೇ ಒಂದು ದೋಷವೂ ಹುಟ್ಟಿಬಂದಿದೆ. ಅದು ಸದ್ದು. ಪೋಲೀಸ್ ಹೆಲಿಕಾಪ್ಟರಿನ ಚರಿತ್ರೆಯನ್ನು ಈ ಸದ್ದಿನ ಚರಿತ್ರೆಯೆಂದೇ ಓದಬಹುದೆಂದು ನಮಗೆ ತೋರುತ್ತದೆ. ಹ್ಯೂಸ್ ೩೦೦ ಎಂಬ ಹಗುರವಾದ ಅಮೆರಿಕದ ಯಂತ್ರವನ್ನು ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ಅದನ್ನು ವಿವರಿಸಿದೆ.

ನ್ಯೂಯಾರ್ಕ್ ನಗರದ ಪೋಲೀಸರು ೧೯೪೮ರಲ್ಲಿಯೇ ಬೆಲ್ ೪೭ ಎಂಬ ಹೆಲಿಕಾಪ್ಟರನ್ನು ಕೊಂಡಿದ್ದರು. ಕ್ಯಾಲಿಫೋರ್ನಿಯಾದ ಹ್ಯೂಸ್ ಕಂಪೆನಿಯು ತನ್ನ ೨೬೯ ಎಂಬ ಮಾದರಿಯ ಕೆಲಸವನ್ನು ಆರಂಭಿಸಿದುದು ೧೯೫೫ರಲ್ಲಿ. ಅದು ಮೊದಲು ಹಾರಿದುದು ೧೯೫೬ನೆಯ ಅಕ್ಟೋಬರ್ ೨ರಂದು. ಇಬ್ಬರು ಕೂಡುವ ಗಾಜಿನ ಗೂಡು, ಮೂರು ಅಲಗಿನ ತಿರುಗುರೆಕ್ಕೆ, ಕೊಳವೆಯಂಥ ಸಣ್ಣ ಬಾಲ, ಎಂಜಿನ್ನಿನ ಬಲವನ್ನು ರೆಕ್ಕೆಗೆ ಒಯ್ಯುವುದಕ್ಕೆ ರಬ್ಬರು ಪಟ್ಟಿಗಳು: ಇಷ್ಟೇ ಅದರ ವೈಭವ. ಇಂಥ ಸರಳತೆಯೇ ಅದನ್ನು ಬದುಕಿಸಿತು. ಅಮೆರಿಕದ ಸೈನ್ಯವು ಹೊಸ ಚಾಲಕರ ಶಿಕ್ಷಣಕ್ಕಾಗಿ ಇದನ್ನು ಆರಿಸಿಕೊಂಡು ೭೯೨ ಯಂತ್ರಗಳನ್ನು ತರಿಸಿಕೊಂಡಿತು. ಮೂವರು ಕೂಡುವಂತೆ ತಿದ್ದಿದ ರೂಪವೇ ೩೦೦ ಎಂಬ ಹೆಸರಿನಿಂದ ಪೇಟೆಗೆ ಬಂದಿತು.

ಇದು ಪೋಲೀಸರ ಯಂತ್ರವೆಂದು ಹೆಸರಾದುದು ೧೯೬೬ರಲ್ಲಿ. ಲಾಸ್ ಏಂಜಲೀಸ್ ಪ್ರಾಂತದ ಲೇಕ್‌ವುಡ್ ಎಂಬ ಪಟ್ಟಣದಲ್ಲಿ, ಕೇಂದ್ರ ಸರ್ಕಾರದ ಧನಸಹಾಯದಿಂದ, ‘ಸ್ಕೈ ನೈಟ್’ ಎಂಬ ಪ್ರಯೋಗವು ನಡೆಯಿತು. ನೈಟ್ ಎಂಬುದಕ್ಕೆ ಇಲ್ಲಿ ಅಶ್ವಾರೂಢನಾದ ವೀರನೆಂದು ಅರ್ಥ, ರಾತ್ರಿಯೆಂದಲ್ಲ. ಅದುವರೆಗೆ ಹೆಲಿಕಾಪ್ಟರು ಕರೆದಾಗ ಬರುವ ಸಹಾಯಕನಾಗಿದ್ದಿತು. ಲೇಕ್‌ವುಡ್ಡಿನಲ್ಲಿ ಅದು ಬೀದಿಯ ಕಾವಲುಗಾರನಂತೆ ನಿತ್ಯವೂ ಪಹರೆ ತಿರುಗತೊಡಗಿತು. ಒಬ್ಬನು ಯಂತ್ರವನ್ನು ನಡೆಸುವನು; ಮತ್ತೊಬ್ಬನು ನೋಡುತ್ತಲಿದ್ದು ಕೆಳಗಿನ ಕಾರುಗಳಿಗೆ ರೇಡಿಯೋದಲ್ಲಿ ತಿಳಿಸುವನು. ಪಟ್ಟಣದಲ್ಲಿ ಅಪರಾಧಗಳು ಇಳಿದುವೆಂದು ವರದಿಯಾಯಿತು. ಇತರ ನಗರಗಳೂ ಈ ಪದ್ಧತಿಯನ್ನು ಹಿಡಿದುವು. ಒಂದೇ ಪಟ್ಟಣದ ಅನುಭವದಿಂದ ಇಷ್ಟು ದೊಡ್ಡ ತೀರ್ಮಾನವು ಸಿದ್ಧಿಸುವುದೇ ಎಂಬುದು ಚರ್ಚಾಸ್ಪದವೇ ಸರಿ. ಕಳ್ಳನು ಕಳ್ಳತನವನ್ನು ಬಿಟ್ಟನೋ, ಪಕ್ಕದ ಊರಿಗೆ ಹೋದನೋ, ಯಾರು ಬಲ್ಲರು?

ಪಹರೆಯು ನಿತ್ಯವಾದೊಡನೆ ಸದ್ದಿನ ಪ್ರಶ್ನೆಯೂ ನಿತ್ಯವಾಯಿತು. ಮೇಲಿನ ರೆಕ್ಕೆಯನ್ನು ಎಂಜಿನ್ನು ಒಂದು ದಿಕ್ಕಿಗೆ ತಿರುಗಿಸಿದರೆ ಒಡಲು ಅದಕ್ಕೆ ಎದುರಾಗಿ ತಿರುಗಲು ಹವಣಿಸುವುದು. ಅದನ್ನು ತಡೆಯಲೆಂದೇ ಬಾಲದ ತುದಿಯಲ್ಲಿ ಪುಟ್ಟ ರೆಕ್ಕೆಯೊಂದನ್ನು ಇಟ್ಟಿರುತ್ತಾರೆ. ಪುಟ್ಟದಾದುದರಿಂದಲೇ ಅದು ಬಹು ವೇಗವಾಗಿ ಸುತ್ತಬೇಕು. ಅಲಗಿನ ತುದಿಯು ಗಾಳಿಯನ್ನು ಎಷ್ಟು ವೇಗವಾಗಿ ಸೀಳುವುದೋ ಕೂಗು ಅಷ್ಟು ತೀಕ್ಷ್ಣವಾಗುವುದು. ಮಲಗಿದ ಊರಿನ ಕಿವಿಗೆ ಚುಚ್ಚುವುದು ಹೆಚ್ಚಾಗಿ ಈ ಬಾಲದ ಸ್ವರವೇ. ೧೯೬೭ರ ನಡುವಿನಿಂದ ಹ್ಯೂಸ್ ಕಂಪೆನಿಯು ಸದ್ದು ಕಡಮೆಯಾದ ಬಾಲರೆಕ್ಕೆಯನ್ನೇ ಈ ಯಂತ್ರಗಳಿಗೆ ಜೋಡಿಸತೊಡಗಿತು. ಹಳೆಯ ಯಂತ್ರಗಳಿಗೂ ಅದನ್ನು ಹಾಕಿಸಿಕೊಳ್ಳಬಹುದಾಗಿದ್ದಿತು.

೧೯೭೦ರಲ್ಲಿ ಅಂಗೀಕಾರ ಪಡೆದ ೩೦೦ಸಿ ಮಾದರಿಗೆ ೧೯೦ ಅಶ್ವಶಕ್ತಿಯ ಎಂಜಿನ್ನೂ ಸುಮಾರು ೨೭ ಅಡಿ ವ್ಯಾಸದ ರೆಕ್ಕೆಯೂ ಇದ್ದುವು. ತುಂಬಿದ ಭಾರ ೨,೦೫೦ ಪೌಂಡು. ಪೋಲೀಸರಿಗೆಂದೇ ಸಿದ್ಧಪಡಿಸಿದ ಇದರ ರೂಪಕ್ಕೆ ‘ಸ್ಕೈ ನೈಟ್’ ಎಂಬ ಹೆಸರೇ ನಿಂತಿತು. ಶೋಧದೀಪ, ಸೈರನ್, ಧ್ವನಿವರ್ಧಕ ಇವು ಅದರ ಆಯುಧಗಳು. ಸದ್ದಡಗಿಸಲು ಶ್ರಮಪಟ್ಟ ಯಂತ್ರಕ್ಕೇ ಸೈರನ್ನನ್ನೂ ಕಟ್ಟಿದುದು ವಿನೋದವಾಗಿ ತೋರಬಹುದು. ಆದರೆ ಕಾವಲಿನವನು ಕೆಲವು ವೇಳೆ ಕೇಳಿಸಬೇಕು, ಕೆಲವು ವೇಳೆ ಕೇಳಿಸಬಾರದು.

ಮುಂದಿನ ವಂಶಾವಳಿಯನ್ನು ಬೇಗನೆ ಹೇಳಬಹುದು. ೧೯೮೩ರಿಂದ ನ್ಯೂಯಾರ್ಕ್ ಸಂಸ್ಥಾನದ ಷ್ವೈಟ್ಸರ್ ಕಂಪೆನಿಯು ಇದನ್ನು ಕಟ್ಟಿತು. ೧೯೮೬ರಲ್ಲಿ ಹಕ್ಕನ್ನೂ ಕೊಂಡಿತು. ೨೦೦೪ರಲ್ಲಿ ಅದು ಸಿಕೋರ್ಸ್ಕಿಯವರ ಕೈಸೇರಿತು; ೨೦೧೮ರಲ್ಲಿ ಯಂತ್ರದ ಹಕ್ಕು ಟೆಕ್ಸಸಿನವರಿಗೆ ಹೋಯಿತು.

ಅಪಾಯದ ಮಾತನ್ನು ಮರೆಯುವಂತಿಲ್ಲ. ಎಂಜಿನ್ನು ನಿಂತರೂ ಹೆಲಿಕಾಪ್ಟರು ಕಲ್ಲಿನಂತೆ ಬೀಳುವುದಿಲ್ಲ. ಇಳಿಯುವಾಗ ಕೆಳಗಿನಿಂದ ನುಗ್ಗುವ ಗಾಳಿಯೇ ರೆಕ್ಕೆಯನ್ನು ತಿರುಗಿಸುತ್ತಿರುವುದು. ಆದರೆ ಇದಕ್ಕೆ ಎತ್ತರವಾಗಲಿ ವೇಗವಾಗಲಿ ಕೈಯಲ್ಲಿರಬೇಕು. ಮನೆಗಳ ಮೇಲೆ ತಗ್ಗಾಗಿ, ನಿಧಾನವಾಗಿ ಸುತ್ತುವ ಪಹರೆಯವನಿಗೆ ಇವೆರಡೂ ಕಡಮೆ. ಚೆನ್ನಾಗಿ ಕಾಣಬೇಕಾದರೆ ಅಪಾಯದ ಎಲ್ಲೆಗೇ ಹೋಗಬೇಕು. ೧೯೯೮ರಲ್ಲಿ ಬಾಲ್ಟಿಮೋರ್ ಪೋಲೀಸರ ೩೦೦ಸಿಯೊಂದು ನಗರದಲ್ಲಿಯೇ ಬಿದ್ದು ಅಧಿಕಾರಿಯೊಬ್ಬರು ಪ್ರಾಣಬಿಟ್ಟರು.

ಇತ್ತ ಹ್ಯೂಸ್ ಕಂಪೆನಿಯ ಇಂಜಿನಿಯರರು ಬಾಲರೆಕ್ಕೆಯನ್ನು ಸಾಧುಮಾಡುವುದಕ್ಕಿಂತ ತೆಗೆದುಹಾಕುವುದೇ ಲೇಸೆಂದು ಬಗೆದರು. ಬಾಲದ ಕೊಳವೆಯೊಳಗೆ ಗಾಳಿಯನ್ನೂದಿ, ಅದನ್ನು ಪಕ್ಕದ ಸೀಳುಗಳಿಂದಲೂ ತುದಿಯಿಂದಲೂ ಹೊರಬಿಟ್ಟು ಒಡಲನ್ನು ನಿಲ್ಲಿಸುವ ಉಪಾಯವು ೧೯೮೧ರ ಡಿಸೆಂಬರಿನಲ್ಲಿ ಹಾರಿ ತೋರಿತು. ೧೯೮೪ರಲ್ಲಿ ಕಂಪೆನಿಯು ಮ್ಯಾಕ್‌ಡೊನೆಲ್ ಡಗ್ಲಸ್ಸಿನವರ ವಶವಾಯಿತು. ಈ ಬಗೆಯ ೫೨೦ಎನ್ ಎಂಬ ಹೆಲಿಕಾಪ್ಟರನ್ನು ೧೯೯೧ರಲ್ಲಿ ಮೊದಲು ಪಡೆದವರು ಫೀನಿಕ್ಸ್ ನಗರದ ಪೋಲೀಸರೇ.

ಅದಕ್ಕೆ ಎರಡು ವರ್ಷ ಮುಂಚೆ, ೧೯೮೯ರಲ್ಲಿ, ಅಮೆರಿಕದ ಸರ್ವೋಚ್ಚ ನ್ಯಾಯಾಲಯದಲ್ಲಿ ಈ ಸದ್ದೇ ನ್ಯಾಯದ ಅಳತೆಗೋಲಾಗಿ ಬಂದುದನ್ನು ವಾಚಕರು ಗಮನಿಸಬೇಕು. ಫ್ಲಾರಿಡಾದಲ್ಲಿ ಪೋಲೀಸರು ೪೦೦ ಅಡಿ ಎತ್ತರದಿಂದ ಒಬ್ಬನ ಹಿತ್ತಲಿನ ಹಸಿರುಮನೆಯೊಳಕ್ಕೆ, ಮಾಡಿನ ತೆರವಿನಿಂದ, ಅಪ್ಪಣೆಪತ್ರವಿಲ್ಲದೆ ನೋಡಿದ್ದರು. ಅಲ್ಲಿ ಗಾಂಜಾ ಬೆಳೆದಿದ್ದಿತು. ಇದು ಅಕ್ರಮವಾದ ಶೋಧನೆಯಲ್ಲವೆಂದು ತೀರ್ಪಾಯಿತು. ನಾಲ್ವರು ನ್ಯಾಯಾಧೀಶರ ಅಭಿಪ್ರಾಯವು ಆ ಎತ್ತರದಲ್ಲಿ ಹಾರುವುದು ಕಾನೂನಿಗೆ ವಿರೋಧವಲ್ಲವೆಂಬುದನ್ನು ಹೇಳಿ, ಹೆಚ್ಚಿನ ಸದ್ದಾಗಲಿ ಗಾಳಿಯಾಗಲಿ ಧೂಳಾಗಲಿ ಇರಲಿಲ್ಲವೆಂಬುದನ್ನೂ ಎತ್ತಿ ಆಡಿತು. ಇದನ್ನು ಒಪ್ಪದ ನ್ಯಾಯಾಧೀಶ ಬ್ರೆನನ್‌ರವರು ಒಂದು ಕಲ್ಪಿತ ಯಂತ್ರವನ್ನು ಮುಂದಿಟ್ಟರು: ಮನೆಯ ಅಂಗಳದ ಮೇಲೆಯೇ ಸದ್ದಿಲ್ಲದೆ, ಗಾಳಿಯಿಲ್ಲದೆ, ಧೂಳೇಳಿಸದೆ ನಿಂತು ಒಳಗೆಲ್ಲವನ್ನೂ ನೋಡಬಲ್ಲ ಹೆಲಿಕಾಪ್ಟರೊಂದು ಬಂದರೆ, ಆಗಲೂ ಗೃಹಸ್ಥನ ಏಕಾಂತಕ್ಕೆ ಭಂಗವಿಲ್ಲವೆನ್ನುವಿರಾ ಎಂಬುದು ಅವರ ಪ್ರಶ್ನೆಯ ತಾತ್ಪರ್ಯ.